ಸಂಗವ್ವನ ಹೆಸರಿನ ಮುಂದೆ

ಹೆಳವರ ಸೋಮನಿಂಗಪ್ಪ ತಾನು ಏರಿ ಊರೂರು ತಿರುಗುತ್ತಿದ್ದ ಎತ್ತನ್ನು ಮಾರಿ ಹತ್ತೊಂಬತ್ತು ವರ್ಷವಾಯಿತು. ಎತ್ತಿನ ಕೊರಳಲ್ಲಿದ್ದ ಹಿತ್ತಾಳೆ ಗಂಟೆಯನ್ನು ಮಾತ್ರ ಮಾರಲಿಲ್ಲ. ಈಗ ಗಡಿಯಾಚೆ ಮರಾಠಿ ಸೀಮೆಯಲ್ಲಿರುವ ತನ್ನೂರು ಮುಚ್ಚಂಡಿಯಲ್ಲಿ ಎಸ್.ಟಿ. ಬಸ್ಸು ಹತ್ತಿ, ಪುಸ್ತಕದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಊರೂರಿಗೆ ಹೋಗುತ್ತಾನೆ. ಒಕ್ಕಲಿನ ಮನೆಯ ಅಂಗಳಕ್ಕೆ ಬಂದ ಮೇಲೆ ಚೀಲದಿಂದ ಗಂಟೆ ತೆಗೆದು ಮೂರು ಸಲ ಬಾರಿಸುತ್ತಾನೆ. ಒಳಗಿದ್ದ ಹೆಂಗಸರು, ಹೆಳವ ಬಂದ ಎಂದು ಹೊರಗೆ ಬರುತ್ತಾರೆ. ಎತ್ತೆಲ್ಲಿ ಎಂದು ಈಗ ಯಾರೂ ಕೇಳುವುದಿಲ್ಲ.

ಹೆಳವರ ಕಸುಬು ಬೇರೆಯವರ ವಂಶ ಬರೆದಿಡುವುದು. ಒಂದೊಂದು ಹೆಳವರ ಮನೆಗೆ ಇಂತಿಂಥ ಊರು, ಇಂತಿಂಥ ಒಕ್ಕಲು ಎಂದು ಹಿಂದಿನಿಂದ ಹಂಚಿಕೆಯಾಗಿದೆ. ಮೂರು ನಾಲ್ಕು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ ಹೋಗಿ, ಮೂಲಪುರುಷನಿಂದ ತೊಟ್ಟಿಲ ಕೂಸಿನ ತನಕ ಹೆಸರು ಓದಬೇಕು. ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳಬೇಕು. ಕಾಳು, ಅರಿವೆ, ಅನುಕೂಲವಿದ್ದವರು ಕೊಟ್ಟರೆ ಒಂದು ಕುರಿ ಇಲ್ಲವೇ ಎತ್ತು, ಕೊಟ್ಟದ್ದನ್ನು ತೆಗೆದುಕೊಂಡು ಬರಬೇಕು. ಗಂಡುಮಕ್ಕಳ ಹೆಸರಿನ ಕೆಳಗೆ ಅವರ ಮಕ್ಕಳು ಬರುತ್ತಾರೆ. ಹೆಣ್ಣುಮಕ್ಕಳ ಹೆಸರಿನ ಮುಂದೆ 'ಕೊಟ್ಟದ್ದು' ಎಂದು ಬರೆದು ಒಂದಿಷ್ಟು ಜಾಗ ಬಿಡುತ್ತಾರೆ. ಲಗ್ನವಾದ ಮೇಲೆ ಅಲ್ಲಿ ಗಂಡನ ಮನೆತನದ ಹೆಸರು ಬರುತ್ತದೆ. ಒಮ್ಮೆ ಬರೆದದ್ದನ್ನು ಹೊಡೆದು ಹಾಕುವಂತಿಲ್ಲ. ಮಸಿ ಚೆಲ್ಲಿದರೆ ಆ ಕಲೆಯೂ ಹಾಗೆಯೇ ಇರಬೇಕು.

ತಿಕೋಂಡಿಯ ಕುರುಬರ ಅಮೋಗಸಿದ್ದನ ಮನೆಯ ಪುಟದಲ್ಲಿ ಅಂಥದೊಂದು ಜಾಗ ಮೂವತ್ತೇಳು ವರ್ಷದಿಂದ ಖಾಲಿ ಇದೆ. 'ಸಂಗವ್ವ, ಕೊಟ್ಟದ್ದು.' ಅಷ್ಟೇ. ಆ ಪುಟ ಓದುವಾಗ ಸೋಮನಿಂಗಪ್ಪ ಅಲ್ಲಿ ಹೆಬ್ಬೆರಳು ಊರುತ್ತಾನೆ. ಊರಿ ಊರಿ ಅಲ್ಲಿ ಕಾಗದ ಜಿಡ್ಡುಗಟ್ಟಿದೆ.

ಆ ಜಾಗ ಖಾಲಿ ಉಳಿದದ್ದು ಅವನಿಂದ.

ಆಗ ಅವನಿಗೆ ಮೂವತ್ತೊಂದು ವರ್ಷ. ಅಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು. ಅಮೋಗಸಿದ್ದನ ಮಗಳು ಸಂಗವ್ವನನ್ನು ನೋಡಲು ಕೃಷ್ಣೆಯ ದಂಡೆಯ ಊರಿನಿಂದ ದೊಡ್ಡ ಮನೆಯವರು ಎಂಟು ಜನ ಬಂದಿದ್ದರು. ಹುಡುಗಿ ಒಪ್ಪಿಗೆಯಾಗಿದ್ದಳು. ಹೆಳವ ಊರಲ್ಲೇ ಇದ್ದಾನಲ್ಲ, ವಂಶ ಓದಿಸಿಬಿಡಿ, ಕೇಳಿ ವೀಳ್ಯ ಹಿಡಿದು ಲಗ್ನ ಗೊತ್ತುಮಾಡೋಣ ಎಂದರು. ಸೋಮನಿಂಗಪ್ಪನಿಗೆ ಹಿಗ್ಗು. ಅಷ್ಟು ದೊಡ್ಡವರ ಮುಂದೆ ಅವನು ಓದಿದ್ದು ಅದೇ ಮೊದಲು.

ಆ ಮನೆಯ ಪುಟದ ಮೇಲ್ಭಾಗದಲ್ಲಿ ಒಂದು ಸಾಲಿತ್ತು. 'ಮರಜಾನ ಹಬಸಿ, ವಿಜಾಪುರದ ಕುದುರೆಲಾಯದ ಗುಲಾಮ, ಕರಿಮೋರೆಯವ. ಇವನ ವಂಶದ ಹೆಣ್ಣನ್ನು ತರುವವರು ಮೋರೆ ನೋಡಿ ತರಬೇಕು.' ಹಬಸಿ ಎಂದರೆ ಕಡಲಾಚೆಯ ಆಫ್ರಿಕಾದಿಂದ ಬಂದವನು. ಸುಲ್ತಾನರ ಕಾಲದಲ್ಲಿ ಅಂಥವರು ವಿಜಾಪುರದಲ್ಲಿ ನೂರಾರು ಜನ ಇದ್ದರು. ಕೆಲವರು ಗುಲಾಮರು, ಕೆಲವರು ಸರದಾರರು. ಸೋಮನಿಂಗಪ್ಪನ ಅಪ್ಪ ಈ ಸಾಲಿಗೆ ಬಂದಾಗ ಓದು ನಿಲ್ಲಿಸಿ, "ತಾಯಿ, ಒಂದ ತಂಬಗಿ ನೀರ ಕೊಡ್ರಿ" ಎನ್ನುತ್ತಿದ್ದ. ನಿಧಾನವಾಗಿ ನೀರು ಕುಡಿದು ಮುಂದಿನ ಸಾಲಿನಿಂದ ಶುರುಮಾಡುತ್ತಿದ್ದ. ಅವನು ಸುಳ್ಳನ್ನೂ ಓದುತ್ತಿರಲಿಲ್ಲ, ಆ ಸಾಲನ್ನೂ ಓದುತ್ತಿರಲಿಲ್ಲ. ಅಮೋಗಸಿದ್ದನ ಮನೆಯವರಿಗೆ ಇದು ಗೊತ್ತಿತ್ತು. ಅದಕ್ಕೇ ಅಂದು ಸಂಗವ್ವ, ಸೋಮನಿಂಗಪ್ಪ ಕೇಳುವ ಮೊದಲೇ ತಂಬಿಗೆಯನ್ನು ತಂದು ಅವನ ಮೊಣಕಾಲಿನ ಹತ್ತಿರ ಇಟ್ಟು ಹೋಗಿ ಕುಳಿತಳು. ಆಕೆಗೆ ಹತ್ತೊಂಬತ್ತು.

ಅವನು ತಂಬಿಗೆ ಮುಟ್ಟಲಿಲ್ಲ. ಒಂದೇ ಉಸಿರಿಗೆ ಆ ಸಾಲನ್ನು ಓದಿಬಿಟ್ಟ. ಓದಿದವನ ಕಣ್ಣು ಸಂಗವ್ವನ ಮುಖದ ಮೇಲೆ ಹೋಯಿತು. ಅವನ ಕಣ್ಣು ಹೋದಲ್ಲಿಗೆ ಎಂಟು ಜನರ ಕಣ್ಣೂ ಹೋದವು. ಆ ಸಾಲು ಕೇಳುವವರೆಗೆ ಆ ಹುಡುಗಿ ಯಾರಿಗೂ ಕಪ್ಪಗೆ ಕಂಡಿರಲಿಲ್ಲ. ಆ ಬಿಸಿಲಿನಲ್ಲಿ ಕುರಿ ಕಾಯುವವರು ಯಾವ ಬಣ್ಣದವರಿರುತ್ತಾರೋ ಅದೇ ಬಣ್ಣದವಳು, ನೋಡಲು ಬಂದವರೂ ಅದೇ ಬಣ್ಣದವರು. ಅವರು ಚಹಾ ಕುಡಿದು, ಮನೆಯಲ್ಲಿ ವಿಚಾರಿಸಿ ಹೇಳುತ್ತೇವೆ ಎಂದು ಎದ್ದರು. ಯಾವತ್ತೂ ಹೇಳಲಿಲ್ಲ. ಸುದ್ದಿ ಅವರಿಗಿಂತ ಮುಂದೆ ಓಡಿತು. ಆಮೇಲೆ ಆಕೆಗೆ ಸ್ಥಳಗಳೇ, ಎಂದರೆ ಗಂಡಿನ ಕಡೆಯವರೇ, ಬರಲಿಲ್ಲ. ಅಮೋಗಸಿದ್ದ ಅವನನ್ನು ಬೈಯಲಿಲ್ಲ. "ಇದ್ದದ್ದ ಓದಿದಿ, ನಿಂದೇನ ತಪ್ಪ" ಎಂದ. ಆ ಮಾತನ್ನು ಸೋಮನಿಂಗಪ್ಪ ಬಹಳ ವರ್ಷ ಹಿಡಿದುಕೊಂಡಿದ್ದ. ಇದ್ದದ್ದನ್ನು ಓದಿದೆ.

ಸಂಗವ್ವ ಮೂಲೆ ಹಿಡಿದು ಕೂರುವ ಹೆಂಗಸಲ್ಲ. ಅಪ್ಪನ ನಲವತ್ತು ಕುರಿಗಳನ್ನು ನೂರಾ ಮೂವತ್ತು ಮಾಡಿದಳು. ತಮ್ಮ ಬಸಗೊಂಡನ ಲಗ್ನ ಮಾಡಿದಳು, ಅವನ ಮಗಳು ರೂಪಾಲಿಯನ್ನು ಮಿರಜದಲ್ಲಿ ನರ್ಸಿಂಗ್ ಓದಿಸಿದಳು. ಆದರೆ ಹೆಳವನ ಗಂಟೆ ಕೇಳಿದ ಕೂಡಲೇ ಕೋಲು ತೆಗೆದುಕೊಂಡು ಕುರಿಗಳ ಹಿಂದೆ ಹೊರಟುಬಿಡುತ್ತಿದ್ದಳು.

ಇದ್ದದ್ದನ್ನು ಓದಿದೆ ಎಂಬ ಸಮಾಧಾನವೂ ಕಳೆದ ದಸರೆಗೆ ಮುಗಿಯಿತು. ಜತ್ತದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ವಿಜಯಕುಮಾರ ಎಂಬವರು ಹೆಳವರ ಪುಸ್ತಕಗಳ ಫೋಟೋ ತೆಗೆದುಕೊಳ್ಳಲು ಮುಚ್ಚಂಡಿಗೆ ಬಂದಿದ್ದರು. ದೇವರ ಜಗಲಿಯ ಮೇಲಿದ್ದ, ಹಿರಿಯರು ಅಕ್ಷರ ಕೊರೆಸಿಟ್ಟ ತಾಮ್ರದ ಪಟಗಳನ್ನು ನೋಡಿದರು. ಅರಿಸಿನ, ಕುಂಕುಮ, ಎಣ್ಣೆ ಹತ್ತಿ ಅವು ಸೌದೆಯಂತೆ ಕಂದಾಗಿದ್ದವು. ಹುಣಸೆಹಣ್ಣು ಹಚ್ಚಿ ಉಜ್ಜಿದರು. ಅಕ್ಷರ ಎದ್ದವು.

"ಇದನ್ನ ಯಾವತ್ತರೆ ಓದೀರೇನ್ರಿ?"

"ವರ್ಷಾ ಪೂಜಿ ಮಾಡತೀವ್ರಿ, ಸರ."

"ಓದೀರೇನಂತ ಕೇಳಿದೆ."

ಓದಿರಲಿಲ್ಲ. ಓದುವುದೇ ಕಸುಬಾದ ಮನೆಯಲ್ಲಿ, ಹಳೆಯ ಲಿಪಿ ಎಂದು ಪೂಜೆಗಿಟ್ಟು, ಆರೇಳು ತಲೆಮಾರು ಕೈಮುಗಿದಿದ್ದರು. ತಾಮ್ರದಲ್ಲಿ ತಿಕೋಂಡಿಯ ಮನೆಯ ಸಾಲು ಹೀಗಿತ್ತು: 'ಮರಜಾನ, ಹಬಸಿ ದೇಶದವನು, ವಿಜಾಪುರದ ಕುದುರೆಲಾಯದಲ್ಲಿ ಇದ್ದವನು. ಬರದ ವರುಷ ಬಾವಿ ತೋಡಿ ಏಳು ಹಿಂಡು ಕುರಿಗೆ ನೀರು ಕೊಟ್ಟನು. ಕುರುಬರ ದೈವ ಕೂಡಿ ಕಂಬಳಿ ಹಾಸಿ ಕೂರಿಸಿ ಹೆಣ್ಣು ಕೊಟ್ಟಿತು.' ದೈವ ಎಂದರೆ ಹಿರಿಯರ ಸಭೆ. ಮುಖದ ಬಣ್ಣದ ಮಾತೇ ಅಲ್ಲಿರಲಿಲ್ಲ. ಅದು ಬಂದದ್ದು ನೂರು ವರ್ಷದ ಮೇಲೆ, ತಾಮ್ರದಿಂದ ಕಾಗದಕ್ಕೆ ನಕಲು ಮಾಡಿದಾಗ. ವಿಜಯಕುಮಾರ ಕಾಗದದ ಪುಟವನ್ನು ಬೆಳಕಿಗೆ ಹಿಡಿದು ಅಂಚಿನಲ್ಲಿದ್ದ ಸಣ್ಣ ಅಕ್ಷರಗಳನ್ನು ತೋರಿಸಿದರು. 'ಈ ವರುಷ ಈ ಮನೆಯವರು ಎತ್ತು ಕೊಡಲಿಲ್ಲ.' ಅದೇ ಕೈ, ಅದೇ ಮಸಿ. ಕೆಳಗೆ ಸೋಮನಿಂಗಪ್ಪನ ಹಿರಿಯನ ಹೆಸರು.

ಸೋಮನಿಂಗಪ್ಪ ಆ ಹೆಸರಿನ ಮೇಲೆ ಬೆರಳಾಡಿಸಿದ. ಆಮೇಲೆ, "ಸರ, ಟೀವಿಯೊಳಗ ಹೇಳತಿದ್ರು, ಈ ಕರೇದು ಬೆಳ್ಳಂದು ಅನ್ನೂದೆಲ್ಲಾ ಇಂಗ್ರೇಜಿ ಮಂದಿ ಕಲಿಸಿದ್ದಂತ" ಎಂದ.

"ಅವರು ಭಾಳ ಬೆಳಸಿದ್ರು, ಖರೆ. ಆದರ ಇಲ್ಲಿ ನೋಡ್ರಿ, ಶಕೆ ಹದಿನಾರುನೂರಾ ಎಂಬತ್ತೊಂಬತ್ತು ಅಂತ ನಿಮ್ಮ ಹಿರ್ಯಾನ ಬರದಾನ. ಅಂದರ ಇಸವಿ ಹದಿನೇಳುನೂರಾ ಅರವತ್ತೇಳು. ಅವಾಗ ಜತ್ತದಾಗ ಎಲ್ಲಿ ಇಂಗ್ರೇಜಿಯಾಂವ?"

"ಅಂದರ ಇದನ್ನ ನಮ್ಮಾಂವನ ಹುಟ್ಟಿಸಿದ."

"ಸಿಟ್ಟಷ್ಟ ಅವಂದು. ಬೈಗಳಾ ಮೊದಲ ಇತ್ತು. ವಿಜಾಪುರದ ದರ್ಬಾರದಾಗನ ಇರಾಣದಿಂದ ಬಂದ ಕೆಂಪ ಮಂದಿ ಒಂದ ಕಡೆ, ಹಬಸಿಗೋಳು ಒಂದ ಕಡೆ ಬಡಿದಾಡ್ಯಾರ. ನಮ್ಮ ಹಳ್ಯಾಗ ಸೊಸಿ ತರೂವಾಗ ಬಣ್ಣಾ ನೋಡೂದೂ ಇತ್ತು. ಕೇಳಾವರ ಮನಸ್ಸಿನಾಗ ಇರದಿದ್ದರ ನಿಮ್ಮಾಂವ ಬರದದ್ದು ಯಾರಿಗೆ ನಾಟತಿತ್ತು? ಗುರಿ ಗೊತ್ತಿತ್ತು ಅವಗ, ಅಲ್ಲೇ ಹೊಡದ."

ಅವರು ಫೋಟೋ ತೆಗೆದುಕೊಂಡು ಹೋದರು. ಸೋಮನಿಂಗಪ್ಪನಿಗೆ ಅಂದಿನಿಂದ ಅನ್ನ ರುಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಉಂಡ, ಮಲಗಿದ. ಆದರೆ ಗಂಟೆಯ ಚೀಲ ಹೆಗಲಿಗೆ ಹಾಕುವಾಗೆಲ್ಲ, ತಾನು ಇದುವರೆಗೆ ಯಾರ ಯಾರ ಮನೆಯಲ್ಲಿ ಏನೇನು ಓದಿದ್ದೇನೆ ಎಂದು ಲೆಕ್ಕ ಹಾಕತೊಡಗಿದ. ಮಗ ದತ್ತಾನಿಗೂ ಹೇಳಲಿಲ್ಲ. ತನ್ನ ನಂತರ ಮೋಟರ್ ಸೈಕಲ್ಲಿನ ಮೇಲಾದರೂ ಹೋಗಿ ಓದುತ್ತೇನೆ ಎಂದು ಒಪ್ಪಿಕೊಂಡ ಮಗ ಅವನು.

ಫೆಬ್ರವರಿಯಲ್ಲಿ ಬಸಗೊಂಡನ ಫೋನು ಬಂತು. "ಕಾಕಾ, ರೂಪಾಲಿಗೆ ಬಾಲಗಾಂವದ ಸ್ಥಳ ಬಂದೈತಿ. ಹುಡುಗ ರವಿಕುಮಾರ ಮಿರಜದಾಗ ಲ್ಯಾಬಿನ್ಯಾಗ ಅದಾನ. ಅವರಿಬ್ರದೂ ಪಸಂತ ಆಗೈತಿ. ಆದರ ಹುಡುಗನ ಮುತ್ಯಾ ಶಿವಯೋಗೆಪ್ಪಂದು ಒಂದ ಹಟ. ಹೆಳವ ಬಂದು ಓದಲಿಲ್ಲಂದ್ರ ನಾ ವೀಳ್ಯಾ ಹಿಡಿಯಾಂವಲ್ಲ ಅಂತಾನ. ಸೋಮವಾರ ಬರ್ರಿ. ಮತ್ತ ಕಾಕಾ..." ಬಸಗೊಂಡ ತಡೆದ. "ನೀರ ಕುಡಿರಿ ಅವತ್ತ."

ಸೋಮನಿಂಗಪ್ಪ ಭಾನುವಾರವೇ ಹೊರಟ. ದಾರಿಯಲ್ಲಿ ಎಲ್ಲ ಗೊತ್ತುಮಾಡಿಕೊಂಡಿದ್ದ. ನೀರು ಕುಡಿಯುವುದಷ್ಟೇ ಅಲ್ಲ, ಮರಜಾನನನ್ನೇ ಬಿಟ್ಟುಬಿಡುವುದು. ಅವನ ಮಗನಿಂದ ಶುರುಮಾಡುವುದು. ಹಬಸಿಗೂ ಈ ಮನೆಗೂ ಸಂಬಂಧವಿಲ್ಲ ಎಂದು ಎಲ್ಲರ ಮುಂದೆ ಹೇಳಿಬಿಡುವುದು. ಅದನ್ನು ಸಂಗವ್ವನಿಗೆ ಮೊದಲೇ ತಿಳಿಸಿದರೆ, ತನ್ನ ಭಾರ ಅಷ್ಟಾದರೂ ಹಗುರಾಗಬಹುದು ಎಂದು ಎಣಿಸಿದ್ದ.

ಗಂಟೆ ಬಾರಿಸದೆ ಕುರಿಹಟ್ಟಿಗೆ ಹೋದ. ಸಂಗವ್ವ ಒಂದು ಟಗರನ್ನು ಕಾಲುಸಂದಿಯಲ್ಲಿ ಹಿಡಿದುಕೊಂಡು ಚಾಕುವಿನಿಂದ ಅದರ ಗೊರಸು ಹೆರೆಯುತ್ತಿದ್ದಳು. ತಲೆ ಎತ್ತಿ ನೋಡಿದಳು.

"ನಾಳೆ ಐತಲ್ಲ ನಿನ್ನ ಗಂಟಿ ಬಾರಸೂದು. ಇವತ್ತ್ಯಾಕ ಬಂದಿ?"

"ಒಂದ ಮಾತ ಹೇಳೂದಿತ್ತು, ತಾಯಿ."

"ಟಗರ ಬಿಟ್ಟ ಏಳಾಕ ಆಗೂದಿಲ್ಲ. ಅಲ್ಲೇ ನಿಂತ ಹೇಳು."

ನಿಂತುಕೊಂಡೇ ತಾಮ್ರದ ಪಟದ ಕಥೆ ಹೇಳಿದ. ಎತ್ತಿನ ಕಥೆ ಹೇಳಿದ. ಅವಳ ಚಾಕು ನಿಲ್ಲಲಿಲ್ಲ. ನಾಳೆ ತಾನು ಏನು ಓದುತ್ತೇನೆ, ಏನು ಬಿಡುತ್ತೇನೆ ಎಂದು ಹೇಳಿದಾಗ ನಿಂತಿತು.

"ಆ ಬಾವಿ ತೋಡಿದಾಂವ ಅಂವನ ಹೌದಲ್ಲ?"

"ಹೌದು, ತಾಯಿ."

"ಏಳ ಹಿಂಡಿಗೆ ನೀರ ಕುಡಿಸಿದಾಂವ?"

"ಹೌದು."

"ಮತ್ತ ಅಂವನ್ನ ಯಾಕ ಮನಿ ಬಿಟ್ಟ ಹೊರಗ ಹಾಕತಿ? ನಿಮ್ಮ ಹಿರ್ಯಾ ಅವಗ ಮಸಿ ಬಳದ. ನೀ ಅಂವನ್ನ ಅಳಸಾಕ ಬಂದಿ. ಅಂವ ಕರಿಯಾ ಇದ್ದದ್ದು ನಿಮಗಿಬ್ಬರಿಗೂ ತ್ರಾಸ ಆಗೈತಿ, ನಮಗಲ್ಲ."

ಆ ಮಸಿಯನ್ನು ತೊಳೆಯಲು ಬಂದಿದ್ದೇನೆ ಎಂದುಕೊಂಡಿದ್ದ ಸೋಮನಿಂಗಪ್ಪ.

ಅವಳು ಟಗರಿನ ಇನ್ನೊಂದು ಕಾಲು ಎತ್ತಿಕೊಂಡಳು. "ಅವತ್ತ ತಂಬಗಿ ಇಟ್ಟಿದ್ನೆಲ್ಲ. ಯಾಕ ಕುಡೀಲಿಲ್ಲ?"

"ನೀರಡಿಕಿ ಇರಲಿಲ್ಲ..."

"ಥೂ."

ಅವನು ಚೀಲವನ್ನು ಕೆಳಗಿಟ್ಟ. "ದನಿ ಚಲೋ ಹತ್ತಿತ್ತು, ತಾಯಿ. ದೊಡ್ಡವರು ಕೇಳಾಕತ್ತಿದ್ರು. ನಿಲ್ಲಸಾಕ ಮನಸ್ಸ ಬರಲಿಲ್ಲ."

"ಅಷ್ಟನ?"

"ಅಷ್ಟ ಅಲ್ಲ. ಓದಿದ ಮ್ಯಾಲ ನಿಮ್ಮ ಮಾರಿ ನೋಡಿದೆ. ಖರೆ ಇರಬೇಕು ಅನ್ನಿಸ್ತು."

ಟಗರು ಒದರಿತು. ಸಂಗವ್ವ ಅದನ್ನು ಬಿಟ್ಟು, ಚಾಕುವನ್ನು ಸೀರೆಯ ಸೆರಗಿಗೆ ಒರೆಸಿದಳು. "ಮೂವತ್ತೇಳ ವರ್ಷದಾಗ ಒಂದ ಖರೆ ಮಾತ ಆಡಿದಿ ನೋಡು."

"ತಾಯಿ, ಮಾಫಿ..."

"ಮಾಫಿ ಕೇಳಬ್ಯಾಡ. ನನ್ನ ಕಡೆ ಇಲ್ಲ, ಎಲ್ಲಿಂದ ತಂದ ಕೊಡ್ಲಿ? ನಾಳೆ ಎಲ್ಲಾ ಓದು. ತಾಮ್ರದ್ದೂ ಓದು, ಕಾಗದದ್ದೂ ಓದು, ಎತ್ತ ಕೊಡದಿದ್ದದ್ದೂ ಓದು. ಬರದಾವನ ಹೆಸರ ಸಹಿತ."

"ಹುಡಿಗಿ ಲಗ್ನ ಮುರದ್ರ?"

"ಅದನ್ನ ಹುಡಿಗಿನ್ನ ಕೇಳತೀನಿ. ಬ್ಯಾಡಂದ್ರ ನೀರ ಇಡತೀನಿ, ಕುಡಿ. ನನ್ನ ಕೇಳಾವ್ರ ಯಾರೂ ಇರಲಿಲ್ಲ."

ಮರುದಿನ ಬೆಳಿಗ್ಗೆ ಅವನು ಅಂಗಳದಲ್ಲಿ ಗಂಟೆ ಬಾರಿಸಿದಾಗ ರೂಪಾಲಿಯೇ ಬಾಗಿಲಿಗೆ ಬಂದಳು. "ಅಜ್ಜಾ, ಎಲ್ಲಾ ಓದ್ರಿ. ರವಿಗೆ ನಿನ್ನೆನ ಫೋನ ಮಾಡಿ ಹೇಳೀನಿ."

"ಏನಂದ್ರವ್ವಾ ಅವರು?"

"'ನಮ್ಮ ಮುತ್ಯಾ ಕಿವುಡ ಅದಾನ, ಅರ್ಧಾ ಕೇಳಸೂದಿಲ್ಲ' ಅಂದ." ಅವಳು ನಕ್ಕಳು. ನಗು ಪೂರ್ತಿ ತುಟಿಗೆ ಬರಲಿಲ್ಲ.

ಹನ್ನೊಂದಕ್ಕೆ ಬಾಲಗಾಂವದವರು ಜೀಪಿನಿಂದ ಇಳಿದರು. ಶಿವಯೋಗೆಪ್ಪನಿಗೆ ಎಂಬತ್ತು ದಾಟಿದೆ. ತಲೆಗೆ ಬಿಳಿ ಪಟಗ, ಕೈಯಲ್ಲಿ ಕೋಲು. ಜಮಖಾನೆಯ ನಡುವೆ ಕುಳಿತು ಸೋಮನಿಂಗಪ್ಪನಿಗೆ, "ಏ ಹೆಳವಾ, ಹತ್ರ ಬಾ. ಗಟ್ಟಿ ಓದು. ಗೊಣಗೊಣ ಅನಬ್ಯಾಡ" ಎಂದ.

ಸೋಮನಿಂಗಪ್ಪ ಪುಸ್ತಕಕ್ಕೆ ನಮಸ್ಕಾರ ಮಾಡಿ ತೆರೆದ. ಮೊಣಕಾಲಿನ ಹತ್ತಿರ ನೋಡಿಕೊಂಡ. ತಂಬಿಗೆ ಇರಲಿಲ್ಲ. ಸಂಗವ್ವ ಇಂದು ಕುರಿಗಳ ಹಿಂದೆ ಹೋಗಿರಲಿಲ್ಲ. ಕಂಬಕ್ಕೆ ಬೆನ್ನು ಹಚ್ಚಿ ಕುಳಿತಿದ್ದಳು.

ತಾಮ್ರದ ಸಾಲು ಓದಿದ. ಆಮೇಲೆ ಕಾಗದದ ಸಾಲು. ಕರಿಮೋರೆಯವ ಎನ್ನುವಲ್ಲಿ ಅವನ ದನಿ ಇಳಿಯಿತು.

"ಏನಂದಿ? ಇನ್ನೊಮ್ಮೆ ಓದು" ಎಂದ ಶಿವಯೋಗೆಪ್ಪ ಕಿವಿಗೆ ಕೈ ಹಿಡಿದು.

ಇನ್ನೊಮ್ಮೆ ಓದಿದ, ಓಣಿಗೆ ಕೇಳುವಂತೆ. ಬಸಗೊಂಡ ನೆಲ ನೋಡುತ್ತಿದ್ದ. ಸೋಮನಿಂಗಪ್ಪ ನಿಲ್ಲಿಸದೆ ಅಂಚಿನ ಬರಹವನ್ನೂ ಓದಿ, "ಇದನ್ನ ಬರದಾಂವ ನಮ್ಮ ಮನಿ ಹಿರ್ಯಾ, ಹೆಳವರ ಶಿದಗೊಂಡ. ಇದು ವಂಶದ ಮಾತಲ್ಲ, ಎತ್ತಿನ ಸಿಟ್ಟು. ಇದ ಸಾಲನ್ನ ಇದ ಅಂಗಳದಾಗ ಓದಿ, ಈ ಮನಿ ಮಗಳ ಲಗ್ನ ಮುರದಾಂವ ನಾನು" ಎಂದ.

ಶಿವಯೋಗೆಪ್ಪ ಕೋಲಿನ ತುದಿಯಿಂದ ಜಮಖಾನೆಯ ಅಂಚು ಕೆದಕಿದ. "ಎತ್ತ ಕೊಡಲಿಲ್ಲಂತ ಹಿಂಗ ಬರದಾನ?"

"ಹೌದ್ರಿ."

"ನಮ್ಮ ಪುಸ್ತಕಾನೂ ನಿಮ್ಮ ಕಡೆನ ಐತೆಲ್ಲ?"

"ಐತ್ರಿ."

"ನಮ್ಮಾವರು ಎತ್ತ ಕೊಟ್ಟಾರಿಲ್ಲೋ?"

"ಎರಡ ಸಲ ತಪ್ಪಿಸ್ಯಾರ್ರಿ. ಇಲ್ಲೇ ಚೀಲದಾಗ ಐತಿ, ಓದ್ಲ್ಯಾ?"

"ಬ್ಯಾಡ, ಬ್ಯಾಡ! ಚೀಲದಾಗನ ಇರಲಿ ಅದು." ಬಂದವರೆಲ್ಲ ಹೋ ಎಂದು ನಕ್ಕರು. ರವಿಕುಮಾರ ಎಲ್ಲರಿಗಿಂತ ಜೋರಾಗಿ ನಕ್ಕ. ನಗು ಇಳಿದ ಮೇಲೆ ಮುದುಕ ತಲೆ ತಿರುಗಿಸಿ ರೂಪಾಲಿಯ ಮುಖ ನೋಡಿದ. ಎರಡು ಉಸಿರಿನಷ್ಟು ಹೊತ್ತು ನೋಡಿದ. ಸೋಮನಿಂಗಪ್ಪನಿಗೆ ಆ ನೋಟ ಗೊತ್ತಿತ್ತು. ಅದನ್ನು ಈ ಅಂಗಳಕ್ಕೆ ತಂದವನು ತಾನೇ. "ಹುಡಿಗಿ ಚಲೋ ಅದಾಳ. ವೀಳ್ಯಾ ತರ್ರಿ" ಎಂದ ಶಿವಯೋಗೆಪ್ಪ. ರೂಪಾಲಿಯೂ ಆ ನೋಟವನ್ನು ನೋಡಿದ್ದಳು. ತಲೆ ತಗ್ಗಿಸಲಿಲ್ಲ, ಮುದುಕನೇ ಕಣ್ಣು ಬೇರೆ ಕಡೆ ಮಾಡುವವರೆಗೂ ನೇರ ನೋಡಿದಳು.

ಊಟವಾಗಿ ಜೀಪು ಹೋಯಿತು. ಬಸಗೊಂಡ ಚೀಲಕ್ಕೆ ಜೋಳ ಹಾಕಿಸಿ, ಹೊಸ ಧೋತರ ಕೊಟ್ಟ. ಸೋಮನಿಂಗಪ್ಪ ಹೊರಡಲಿಲ್ಲ. ಪುಟ ತೆರೆದು ಜಿಡ್ಡುಗಟ್ಟಿದ ಜಾಗವನ್ನು ಸಂಗವ್ವನ ಕಡೆ ತಿರುಗಿಸಿದ.

"ತಾಯಿ, ಇಲ್ಲೇನ ಬರೀಲಿ?"

"ಇಷ್ಟ ವರ್ಷ ಖಾಲಿ ನಡೀತಲ್ಲ."

"ನೋಡಿದಾಗೊಮ್ಮೆ ಸಂಕಟ ಆಗತೈತಿ."

"ನಿನ್ನ ಸಂಕಟಕ್ಕ ಜಾಗಾ ನನ್ನ ಹೆಸರಿನ ಮುಂದನ ಬೇಕೇನು?" ಅವಳು ಸ್ವಲ್ಪ ಹೊತ್ತು ಆ ಪುಟ ನೋಡಿದಳು. ಊರ ಶಾಲೆ ಮರಾಠಿಯದಾದ್ದರಿಂದ ಆಕೆಗೆ ಮರಾಠಿ ಅಕ್ಷರ ಬರುತ್ತವೆ, ಕನ್ನಡದವು ಬರುವುದಿಲ್ಲ. ತನ್ನ ಹೆಸರು ಯಾವುದೆಂದು ಬೆರಳಿಟ್ಟು ಕೇಳಿದಳು. ತೋರಿಸಿದ. "ಬರಿ. ಆಗಿದ್ದ ಬರಿ. ಯಾರಿಂದ ಆತು ಅನ್ನೂದೂ ಬರಿ."

ಅವನು ಪೆನ್ನು ತೆಗೆದ. ಜಾಗ ಸಣ್ಣದು, ಅಕ್ಷರ ಇನ್ನೂ ಸಣ್ಣ ಮಾಡಬೇಕಾಯಿತು. ಜಿಡ್ಡಿನ ಮೇಲೆ ಮಸಿ ಹಿಡಿಯಲಿಲ್ಲ, ಎರಡೆರಡು ಸಲ ತಿದ್ದಿದ.

"ಓದು" ಎಂದಳು.

"ಸಂಗವ್ವ, ಕೊಟ್ಟದ್ದು ಇಲ್ಲ. ಬಂದ ಸ್ಥಳವು ಹೆಳವ ಸೋಮನಿಂಗಪ್ಪನು ಸುಳ್ಳು ಸಾಲು ಓದಿದ್ದರಿಂದ ಮುರಿಯಿತು."

"ಗಟ್ಟಿ."

ಗಟ್ಟಿಯಾಗಿ ಓದಿದ. ಇನ್ನು ಅದನ್ನು ಯಾರೂ ಹೊಡೆದು ಹಾಕುವಂತಿರಲಿಲ್ಲ. ತಾನು ಸತ್ತ ಮೇಲೆ ದತ್ತಾ ಇದೇ ಅಂಗಳದಲ್ಲಿ ನಿಂತು, ಕಂಡಕಂಡವರ ಮುಂದೆ ತನ್ನ ಅಪ್ಪನ ಹೆಸರನ್ನು ಹೀಗೆಯೇ ಓದಬೇಕು. ಅವನ ಮಗನೂ ಓದಬೇಕು. ಸೋಮನಿಂಗಪ್ಪ ಪುಸ್ತಕ ಮುಚ್ಚಿ ಬಟ್ಟೆ ಸುತ್ತಿದ.

ಸಂಗವ್ವ ಕೋಲು ತೆಗೆದುಕೊಂಡು ಕುರಿಹಟ್ಟಿಯ ಕಡೆ ಹೊರಟಿದ್ದಳು. ಬೇಲಿಯ ಹತ್ತಿರ ನಿಂತು ತಿರುಗಿದಳು.

"ನಿನ್ನ ಮಗಗ ಹೇಳು," ಎಂದಳು. "ಆ ಸಾಲಿಗೆ ಬಂದಾಗ ನೀರ ಕೇಳಬಾರದಂತ."